ಕರೆಂಟಿನ ಮೇಲೆ ನಿಂತ ಮಾತು

ದಾಕ್ಷಾಯಣಿ ತನ್ನ ಮನೆಯ ಹಿತ್ತಲಲ್ಲಿ ಮೂರನೆಯ ಅರ್ಥಿಂಗ್ ಗುಂಡಿ ತೋಡಿಸಿದಾಗ ಓಣಿಯವರು ಬೆರಗಾಗಿ ನೋಡಿದ್ದರು. ನಾಲ್ಕು ಕೋಣೆಯ ಮನೆಗೆ ಇಷ್ಟೆಲ್ಲ ಯಾಕೆ ಎಂದು ಒಬ್ಬಿಬ್ಬರು ಕೇಳಿಯೂ ಕೇಳಿದರು. ಎಂಟು ಅಡಿ ಆಳಕ್ಕೆ ತಾಮ್ರದ ಪಟ್ಟಿ ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿಸಿ, ತಾನೇ ನಿಂತು ಎರಡು ಕೊಡ ನೀರು ಹುಯ್ದು, ಮೀಟರು ಹಿಡಿದು ನೋಡಿದ ಮೇಲೆಯೇ ಅವಳು ಕೂಲಿಯವರನ್ನು ಕಳಿಸಿದ್ದು. ಬೇಸಿಗೆಯಲ್ಲಿ ಅಂಗಳದ ಗಿಡಗಳು ಒಣಗಿದರೂ ಆ ಗುಂಡಿ ಒಣಗಲು ಅವಳು ಬಿಡುತ್ತಿರಲಿಲ್ಲ.

ಗುಂಡಿ ಒಂದೇ ಅಲ್ಲ. ಮನೆಯ ಪಡಸಾಲೆಗೆ ಹೊಂದಿದ ಸಣ್ಣ ಕೋಣೆಗೆ ಬೇರೆಯೇ ವೈರಿಂಗ್ ಇತ್ತು. ಸಿಡಿಲು ಬಡಿದರೆ ತಡೆಯಲು ಒಂದು ಸಾಧನ, ವೋಲ್ಟೇಜು ಏರಿಳಿದರೆ ಸರಿಮಾಡಲು ಸ್ಟೆಬಿಲೈಸರು, ಅದರ ಮುಂದೆ ಯುಪಿಎಸ್ಸು, ಅದಕ್ಕೆ ಜೋಡಿ ಜೋಡಿಯಾಗಿ ಎಂಟು ಬ್ಯಾಟರಿ. ಆ ಕೋಣೆಯ ಲೈನಿಗೆ ಮಿಕ್ಸಿ ಹಾಕುವಂತಿರಲಿಲ್ಲ, ಇಸ್ತ್ರಿಪೆಟ್ಟಿಗೆಯಂತೂ ಹತ್ತಿರ ಸುಳಿಯುವಂತಿರಲಿಲ್ಲ. ಮೂಲೆಯಲ್ಲಿದ್ದ ವೆಲ್ಡಿಂಗ್ ಅಂಗಡಿಯವನ ಯಂತ್ರ ಕಿಡಿ ಕಾರಿದಾಗಲೆಲ್ಲ ಓಣಿಯ ದೀಪಗಳು ಮಂಕಾಗುತ್ತಿದ್ದವು. ಅವಳು ಅವನ ಹತ್ತಿರ ಹೋಗಿ, ಜಗಳವಾಡದೆ, ತನ್ನ ಮನೆಗೊಮ್ಮೆ ಬಂದು ಆ ಕೋಣೆಯನ್ನು ನೋಡಬೇಕೆಂದು ಕೇಳಿಕೊಂಡಿದ್ದಳು. ಅವನು ಬಂದು ನೋಡಿದ. ಮರುವಾರ ತಾನಾಗಿಯೇ ಅಂಗಡಿಯನ್ನು ಬೇರೆ ಟ್ರಾನ್ಸ್‌ಫಾರ್ಮರಿನ ಲೈನಿಗೆ ಬದಲಾಯಿಸಿಕೊಂಡ.

ಆ ಕೋಣೆಯಲ್ಲಿ ಇದ್ದದ್ದು ಅವಳ ಗಂಡ ಗುರುಪಾದಪ್ಪ, ಮತ್ತು ಅವನ ಮಾತು.

ಗದಗಕ್ಕೂ ಕೊಪ್ಪಳಕ್ಕೂ ನಡುವೆ ಇರುವ ಬೆಣಚಿನಮಟ್ಟಿಯ ಮಾರುಕಟ್ಟೆಯಲ್ಲಿ ಗುರುಪಾದಪ್ಪ ಇಪ್ಪತ್ತೆಂಟು ವರ್ಷ ಹತ್ತಿ, ಮೆಣಸಿನಕಾಯಿಗಳ ಹರಾಜಿನ ಸವಾಲು ಕೂಗಿದವನು. ಅವನು ದರ ಕೂಗುವುದನ್ನು ಕೇಳಲೆಂದೇ ಕೊಳ್ಳದವರೂ ಬಂದು ನಿಲ್ಲುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಮುಂಜಾನೆ, ಐವತ್ತೆರಡನೆಯ ವಯಸ್ಸಿನಲ್ಲಿ, ಹತ್ತಿಯ ಅಂಡಿಗೆ ಮೂಟೆಗಳ ನಡುವೆ ಕುಸಿದು ಬಿದ್ದ. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಜೀವ ಉಳಿಯಿತು, ಬುದ್ಧಿ ಉಳಿಯಿತು. ಕೈಕಾಲು, ನಾಲಗೆ ಉಳಿಯಲಿಲ್ಲ.

ಅಂಥವರಿಗಾಗಿ ಕೆಲವು ವರ್ಷಗಳ ಹಿಂದೆ ಒಂದು ಕಂಪ್ಯೂಟರು ಬಂದಿತ್ತು. ತಲೆಗೆ ಅಂಟಿಸಿದ ಎಳೆಗಳಿಂದ ಮೆದುಳಿನ ಮಿಡಿತವನ್ನು ಹಿಡಿದು, ಮನುಷ್ಯ ಏನು ಹೇಳಲು ಹವಣಿಸುತ್ತಿದ್ದಾನೆ ಎಂಬುದನ್ನು ತಿಂಗಳುಗಟ್ಟಲೆ ಕಲಿತು, ಅದನ್ನು ದನಿಯಾಗಿ ಆಡುವ ಯಂತ್ರ. ಸಾಮಾನ್ಯ ಕಂಪ್ಯೂಟರು ತಾನು ಕಲಿತದ್ದನ್ನು ಬರೆದಿಡುತ್ತದೆ, ಕರೆಂಟು ಹೋಗಿ ಬಂದರೆ ಮತ್ತೆ ಓದಿಕೊಳ್ಳುತ್ತದೆ. ಇದು ಹಾಗಲ್ಲ. ಹರಿಯುವ ಹೊಳೆಯಲ್ಲಿ ಸುಳಿ ಇರುವ ಹಾಗೆ, ಇದರ ಕಲಿಕೆಯೆಲ್ಲ ಸಿಲಿಕಾನ್ ಚಿಪ್ಪಿನೊಳಗೆ ಸದಾ ಸುತ್ತುತ್ತಿರುವ ಕರೆಂಟಿನ ಸುಳಿಗಳಲ್ಲಿ ಇತ್ತು. ಹರಿವು ನಿಂತರೆ ಸುಳಿ ಇಲ್ಲ. ಅಳೆಯಲು ಹೋದರೆ ಸುಳಿಯೇ ಕೆಡುತ್ತದೆ, ಆದ್ದರಿಂದ ನಕಲು ಮಾಡಿಡಲೂ ಬರುವುದಿಲ್ಲ. ಒಬ್ಬೊಬ್ಬರ ಮೆದುಳು ಒಂದೊಂದು ಬಗೆಯಾದ್ದರಿಂದ ಒಬ್ಬರ ಯಂತ್ರ ಇನ್ನೊಬ್ಬರಿಗೆ ಒದಗುವುದಿಲ್ಲ. ಚಿಪ್ಪು ತಂಪು ದ್ರವದಲ್ಲಿ ಮುಳುಗಿರುವುದರಿಂದ ಯಂತ್ರವನ್ನು ಗೋಡೆಗೆ ಬಿಗಿದ ಜಾಗದಿಂದ ಕದಲಿಸುವಂತೆಯೂ ಇರಲಿಲ್ಲ. ಡಾಕ್ಟರರು ಅದಕ್ಕೆ ಏನೋ ಉದ್ದದ ಹೆಸರು ಹೇಳಿದ್ದರು. ಮನೆಯಲ್ಲಿ ಎಲ್ಲರೂ ಪೆಟ್ಟಿಗೆ ಎನ್ನುತ್ತಿದ್ದರು.

ಪೆಟ್ಟಿಗೆ ಗುರುಪಾದಪ್ಪನ ಮೂರು ಸಾವಿರ ಮಾತು ಕಲಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಊರಿನಲ್ಲಿ ಅಂಥ ಇನ್ನೂ ಕೆಲವು ಪೆಟ್ಟಿಗೆಗಳಿವೆ ಎಂದು ದಾಕ್ಷಾಯಣಿಗೆ ಗೊತ್ತಿತ್ತು. ಯಾರ ಮನೆಯಲ್ಲಿ ಎಂದು ಅವಳು ವಿಚಾರಿಸಿರಲಿಲ್ಲ. ಅವಳ ಕಣ್ಣೆಲ್ಲ ತನ್ನ ಮನೆಯ ಲೈನಿನ ಮೇಲೆಯೇ ಇತ್ತು.

ಕರೆಂಟು ಅವಳಿಗೆ ಹೊಸದಲ್ಲ. ಅವಳು ಊರಾಚೆಯ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಇಂಜಿನಿಯರು. ಊರಿನ ಹನ್ನೊಂದು ಲೈನುಗಳ ಸ್ವಿಚ್ಚುಗಳು ಅವಳ ಮೇಜಿನ ಮುಂದೆಯೇ ಇದ್ದವು.

ಆ ಮಂಗಳವಾರ ಹಗಲು ಹತ್ತೂಮುಕ್ಕಾಲಿಗೆ ಹೊರಗಿನ ದೊಡ್ಡ ಟ್ರಾನ್ಸ್‌ಫಾರ್ಮರು ದನಿ ಬದಲಿಸಿತು. ದಿನವೂ ಅದು ಗುಂಯ್ ಎನ್ನುತ್ತಿತ್ತು, ಈಗ ಗೊರಗೊರ ಎನ್ನತೊಡಗಿತು. ಜೊತೆಗೆ ಕೆಲಸ ಮಾಡುವ ಆಪರೇಟರು ಯಲ್ಲನಗೌಡ ಮೀಟರಿನತ್ತ ಬೆರಳು ತೋರಿಸಿದ. ಬರಬಾರದ ಜಾಗದಲ್ಲಿ ಕರೆಂಟು ಹರಿಯುತ್ತಿತ್ತು. ದಾಕ್ಷಾಯಣಿ ಫೋನು ಎತ್ತುವಷ್ಟರಲ್ಲಿ ರಾಜ್ಯದ ಗ್ರಿಡ್ಡು ಬಿತ್ತು. ಗೋಡೆಯ ಮೇಲಿನ ನಕ್ಷೆಯಲ್ಲಿ ಕೆಂಪು ದೀಪಗಳು ಒಂದೊಂದಾಗಿ ಆರಿದವು.

ಸಂಜೆಯ ಹೊತ್ತಿಗೆ ಸಂಗತಿ ತಿಳಿಯಿತು. ಎರಡು ದಿನದ ಹಿಂದೆ ಸೂರ್ಯನಿಂದ ಸಿಡಿದ ಬಿರುಗಾಳಿಯೊಂದು ಭೂಮಿಗೆ ಬಂದು ಬಡಿದಿತ್ತು. ಅದು ನೂರಾರು ಮೈಲಿ ಉದ್ದದ ತಂತಿಗಳಲ್ಲಿ ತಾನೇ ಕರೆಂಟು ಹುಟ್ಟಿಸಿ, ದೂರದ ಊರುಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಸುಟ್ಟುಹಾಕಿತ್ತು. ಬದಲಿಯವು ಬಂದು ಕೂರಲು ಎಂಟು ಹತ್ತು ದಿನ ಬೇಕು. ಮನೆ ಮನೆಯ ಮೇಲಿದ್ದ ಸೋಲಾರ್ ಫಲಕಗಳು ಗ್ರಿಡ್ಡು ನಿಂತರೆ ತಾವೂ ನಿಲ್ಲುವ ಜಾತಿಯವು. ಉಳಿದದ್ದು ಊರಾಚೆಯ ಗುಡ್ಡ, ಆ ಮಟ್ಟಿಯ ಮೇಲಿನ ಗಾಳಿಯಂತ್ರಗಳು. ಅವನ್ನು ಬಳಸಿ ಊರನ್ನು ಹೇಗೋ ನಡೆಸಿಕೊಳ್ಳಿ ಎಂದು ಮೇಲಿನಿಂದ ಅಪ್ಪಣೆ ಬಂತು.

ಬುಧವಾರ ಮುಂಜಾನೆಯೇ ದಾಕ್ಷಾಯಣಿ ಮತ್ತು ಯಲ್ಲನಗೌಡ ಕೂತು ಅಂದಿನಿಂದಲೇ ನಡೆಯುವ ಪಾಳಿ ಬರೆದರು. ಆಸ್ಪತ್ರೆಗೂ ಕುಡಿಯುವ ನೀರಿನ ಪಂಪಿಗೂ ಸದಾ ಕರೆಂಟು. ಉಳಿದ ಲೈನುಗಳಿಗೆ ದಿನಕ್ಕೆ ಎರಡು ತಾಸು, ಒಂದರ ಹಿಂದೆ ಒಂದು. ಅವಳ ಮನೆ ಇದ್ದ ಮಾರುಕಟ್ಟೆ ಲೈನಿಗೆ ಹತ್ತರಿಂದ ಹನ್ನೆರಡು. ಅದರ ಹಿಂದೆ ಕುಂಬಾರ ಓಣಿಗೆ ಹನ್ನೆರಡರಿಂದ ಎರಡು. ಪಾಳಿ ನ್ಯಾಯವಾಗಿತ್ತು. ಅವಳೇ ಸಹಿ ಹಾಕಿ ಅದನ್ನು ಗೇಟಿನ ಮೇಲೆ ಅಂಟಿಸಿದಳು.

ಮನೆಗೆ ಬಂದು ಲೆಕ್ಕ ಹಾಕಿದಳು. ತುಂಬಿದ ಎಂಟು ಬ್ಯಾಟರಿ ಪೆಟ್ಟಿಗೆಯನ್ನು ಮೂರೂವರೆ ದಿನ ನಡೆಸುತ್ತವೆ. ಎರಡು ತಾಸಿನ ಪಾಳಿಯಲ್ಲಿ ತುಂಬುವುದು ಹತ್ತು ತಾಸಿಗಾಗುವಷ್ಟು. ದಿನಕ್ಕೆ ಹದಿನಾಲ್ಕು ತಾಸಿನ ಕೊರತೆ. ಸ್ಕೂಟರಿನ ಬ್ಯಾಟರಿಯನ್ನು ಆಗಲೇ ಬಿಚ್ಚಿ ಜೋಡಿಸಿದ್ದಳು, ಅದು ಒಂದು ಮಧ್ಯಾಹ್ನಕ್ಕೆ ಮುಗಿದಿತ್ತು. ಹೀಗೇ ನಡೆದರೆ ಸೋಮವಾರಕ್ಕೆ ಪೆಟ್ಟಿಗೆ ನಿಲ್ಲುತ್ತದೆ.

ಗುರುಪಾದಪ್ಪ ಕೋಣೆಯಿಂದ ಕೇಳಿದ. ಅವನ ದನಿ ಪೆಟ್ಟಿಗೆಯ ದನಿ, ಆದರೂ ಮಾತಿನ ಓಟ ಅವನದೇ. "ಎಷ್ಟು ದಿನಾ ಐತಿ?"

ನೋಡೋಣ ಎಂದಳು. ಅವನ ಅಕ್ಕ ಬಂಗಾರವ್ವ, ಹಗಲೆಲ್ಲ ಅವನನ್ನು ನೋಡಿಕೊಳ್ಳುವವಳು, ಅವನಿಗೆ ಗಂಜಿ ಕುಡಿಸುತ್ತ ಇವಳ ಮುಖವನ್ನೇ ನೋಡಿದಳು.

ಗುರುವಾರ ಹನ್ನೆರಡು ಗಂಟೆಗೆ ಮಾರುಕಟ್ಟೆ ಲೈನು ತೆಗೆದು ಕುಂಬಾರ ಓಣಿಯದನ್ನು ಹಾಕಬೇಕಿತ್ತು. ದಾಕ್ಷಾಯಣಿಯ ಕೈ ಸ್ವಿಚ್ಚಿನ ಮೇಲೆ ಇತ್ತು, ಕೈ ಕದಲಲಿಲ್ಲ. ಹತ್ತು ನಿಮಿಷ ಎಂದುಕೊಂಡಳು. ಹತ್ತು ಇಪ್ಪತ್ತಾಯಿತು. ಐವತ್ತು ನಿಮಿಷದ ಮೇಲೆ ಲೈನು ಬದಲಿಸಿದಳು. ಲಾಗ್ ಪುಸ್ತಕದಲ್ಲಿ, ಕುಂಬಾರ ಓಣಿ ಲೈನಿನ ತಪಾಸಣೆ, ಆದ್ದರಿಂದ ತಡ ಎಂದು ಬರೆದಳು. ಎರಡು ಗಂಟೆಗೆ ಮುಂದಿನ ಓಣಿಯ ಪಾಳಿ ಇದ್ದುದರಿಂದ ಕುಂಬಾರ ಓಣಿಗೆ ಆ ದಿನ ಸಿಕ್ಕಿದ್ದು ಒಂದು ತಾಸು ಹತ್ತು ನಿಮಿಷ. ಆ ಲೈನಿನಲ್ಲಿ ಯಾವ ತಪಾಸಣೆಯೂ ನಡೆದಿರಲಿಲ್ಲ ಎಂದು ಯಲ್ಲನಗೌಡನಿಗೆ ಗೊತ್ತಿತ್ತು. ಅವನು ಚಹಾ ತರುತ್ತೇನೆಂದು ಎದ್ದು ಹೊರಗೆ ಹೋದ. ಅವನು ಏನಾದರೂ ಅಂದಿದ್ದರೆ ತನಗೆ ಹಗುರವಾಗುತ್ತಿತ್ತು ಎಂದು ಅವಳಿಗೆ ಅನ್ನಿಸಿತು.

ದಿನಾ ಐವತ್ತು ನಿಮಿಷ ಹೆಚ್ಚು ಸಿಕ್ಕರೆ ಪೆಟ್ಟಿಗೆಯನ್ನು ಬುಧವಾರದ ತನಕ ಎಳೆಯಬಹುದಿತ್ತು. ಶುಕ್ರವಾರವೂ ಹಾಗೆಯೇ ಮಾಡಿದಳು. ಈ ಸಲ ಕೈ ಅಷ್ಟೊಂದು ಭಾರವಾಗಲಿಲ್ಲ.

ಶನಿವಾರ ಮುಂಜಾನೆ ಗೇಟಿನ ಹತ್ತಿರ ಒಬ್ಬ ಮನುಷ್ಯ ನಿಂತಿದ್ದ. ಅರವತ್ತರ ಹತ್ತಿರದ ವಯಸ್ಸು, ಗಡ್ಡದಲ್ಲಿ, ಅಂಗಿಯ ತೋಳಿನಲ್ಲಿ ಹತ್ತಿಯ ಎಳೆ. ಕುಂಬಾರ ಓಣಿಯಲ್ಲಿ ಗಾದಿ ಹೊಲಿಯುವ ಮೌಲಾಸಾಬ ನದಾಫ. ಕಾವಲಿನವನು ಒಳಗೆ ಬಿಡದಿದ್ದರೂ ಅವನು ಕೂಗಾಡಿರಲಿಲ್ಲ. ಕೈಯಲ್ಲಿ ಒಂದು ಚೀಟಿ ಹಿಡಿದು ಒಂದು ತಾಸಿನಿಂದ ನಿಂತಿದ್ದ. ಚೀಟಿಯಲ್ಲಿ ಎರಡು ದಿನ ಕರೆಂಟು ಬಂದ ಹೊತ್ತು, ಹೋದ ಹೊತ್ತು ಬರೆದಿತ್ತು.

ದಾಕ್ಷಾಯಣಿ ಹೊರಗೆ ಬಂದಾಗ ಅವನು ಕೈ ಮುಗಿದ.

"ಮೇಡಂ ರೀ, ದೂರು ಹೇಳಾಕ ಬಂದಿಲ್ಲ. ಇವತ್ತು ಯಾವಾಗ ಬರತೈತಿ ಅನ್ನೂದು ಖರೇ ಹೇಳಿದ್ರ ಸಾಕು. ಮಗಳಿಗೆ ಮಾತಿನ ಪೆಟಗಿ ಐತ್ರಿ. ಬ್ಯಾಟರಿ ಹಳೇವು, ಒಂದು ಪಾಳಿಯಿಂದ ಇನ್ನೊಂದು ಪಾಳಿಗೆ ಎಳಿಯೂದ ಹೆಚ್ಚು. ಗುರುವಾರ ತಡಾ ಆತು, ಗಾಬರ‍್ಯಾಗಿ ನಾಲ್ಕು ಖಾನೆ ಬಂದ್ ಮಾಡಿದ್ವಿ. ಯಾವ ಮಾತು ಹೋದ್ವು ಅನ್ನೂದು ನೋಡಾಕೂ ಹೊತ್ತಿರಲಿಲ್ಲ."

ಅವನ ಮಗಳು ತಸ್ಲೀಮಾ. ಹತ್ತೊಂಬತ್ತು ವರ್ಷ. ಹುಟ್ಟುವಾಗಲೇ ಉಸಿರು ಕಟ್ಟಿ, ಮೈ ಸ್ವಾಧೀನವಿಲ್ಲದೆ ಬೆಳೆದವಳು. ಹದಿಮೂರು ವರ್ಷ ಒಂದು ಮಾತನ್ನೂ ಆಡಿರಲಿಲ್ಲ. ಹೊಸದಾಗಿ ಬಂದ ಯಂತ್ರವನ್ನು ಪರೀಕ್ಷಿಸಲು ಆಯ್ದ ಮೊದಲ ಕೆಲವರಲ್ಲಿ ಅವಳೂ ಒಬ್ಬಳಾಗಿದ್ದಳು, ಆರು ವರ್ಷದಿಂದ ಅದರಲ್ಲೇ ಮಾತಾಡುತ್ತಿದ್ದಳು.

ಯಂತ್ರದೊಳಗೆ ಹದಿನಾರು ಖಾನೆಗಳಿದ್ದವು. ಒಂದೊಂದು ಖಾನೆಯಲ್ಲಿ ಒಂದಿಷ್ಟು ಮಾತು. ಖಾನೆ ಮುಚ್ಚಿದರೆ ಅಷ್ಟು ಕರೆಂಟು ಉಳಿಯುತ್ತದೆ. ಮುಚ್ಚಿದ ಖಾನೆಯಲ್ಲಿದ್ದ ಮಾತು ಹೋಗುತ್ತದೆ. ಇದು ದಾಕ್ಷಾಯಣಿಗೆ ಗೊತ್ತಿತ್ತು. ತನ್ನ ಮನೆಯಲ್ಲಿ ಒಂದು ಖಾನೆಯನ್ನೂ ಅವಳು ಮುಚ್ಚಿರಲಿಲ್ಲ.

ಅವಳು ಚೀಟಿಯನ್ನು ಇಸಿದುಕೊಂಡು ನೋಡಿದಳು. ಅವನು ಬರೆದ ಹೊತ್ತು ಒಂದು ನಿಮಿಷ ಕೂಡ ತಪ್ಪಿರಲಿಲ್ಲ. ಇವತ್ತು ಹನ್ನೆರಡಕ್ಕೆ ಸರಿಯಾಗಿ ಬರುತ್ತದೆ ಎಂದು ಹೇಳಲು ಬಾಯಿ ತೆರೆದಾಗ ಯಲ್ಲನಗೌಡ ಒಳಗಿನಿಂದ ಓಡಿಬಂದ. ಮಟ್ಟಿಯ ಮೇಲೆ ಗಾಳಿ ನಿಂತಿತ್ತು. ಯಂತ್ರಗಳು ಒಂದೊಂದಾಗಿ ಸುಮ್ಮನಾಗುತ್ತಿದ್ದವು. ಆಸ್ಪತ್ರೆ, ನೀರು ಬಿಟ್ಟರೆ ಇನ್ನಾರಿಗೂ ಕೊಡಲು ಆಗುವುದಿಲ್ಲ, ಎರಡು ದಿನ ಗಾಳಿಯ ಮುನ್ಸೂಚನೆಯೂ ಇಲ್ಲ ಎಂದ.

ಮೌಲಾಸಾಬನಿಗೆ ಅರ್ಥವಾಯಿತು. ಅವನು ಚೀಟಿಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು, ಆಗಲಿ ಎನ್ನುವಂತೆ ತಲೆಯಾಡಿಸಿ, ತಿರುಗಿ ನಡೆದ. ಅವನ ನಡಿಗೆಯಲ್ಲಿ ಅವಸರವೂ ಇರಲಿಲ್ಲ. ಅವನು ತಿರುವಿನಲ್ಲಿ ಮರೆಯಾಗುವ ತನಕ ದಾಕ್ಷಾಯಣಿ ನೋಡಿದಳು. ಯಲ್ಲನಗೌಡನಿಗೆ ಕಂಟ್ರೋಲ್ ರೂಮು ಒಪ್ಪಿಸಿ ಮನೆಗೆ ಹೋದಳು.

ಗುರುಪಾದಪ್ಪನ ಮುಂದೆ ಕುರ್ಚಿ ಎಳೆದು ಕೂತು ಎಲ್ಲವನ್ನೂ ಹೇಳಿದಳು. ಐವತ್ತು ನಿಮಿಷ, ಎರಡು ದಿನ. ಪುಸ್ತಕದಲ್ಲಿ ಬರೆದ ಸುಳ್ಳು. ಮೌಲಾಸಾಬನ ಚೀಟಿ. ಹುಡುಗಿಯ ನಾಲ್ಕು ಖಾನೆ. ಹೇಳುವಾಗ ಅವನ ಕಣ್ಣನ್ನು ನೋಡಲಾಗದೆ ಪೆಟ್ಟಿಗೆಯ ಹಸಿರು ದೀಪವನ್ನು ನೋಡುತ್ತಿದ್ದಳು.

"ನನ್ನ ಕೇಳಬೇಕಾಗಿತ್ತು," ಎಂದ ಗುರುಪಾದಪ್ಪ. "ಮಾತು ನಂದು."

ಅವಳಿಗೆ ಅಳು ಬರಲಿಲ್ಲ. ಅವನು ಬೈದಿದ್ದರೆ ಬರುತ್ತಿತ್ತೇನೋ. ತಾನು ಅವನಿಗಾಗಿ ಮಾಡಿದೆ ಎಂದು ಹೇಳಲು ಹೊರಟು, ಅದು ಪೂರ್ತಿ ನಿಜವಲ್ಲ ಎಂದು ಅವಳಿಗೇ ಹೊಳೆದು ನಿಲ್ಲಿಸಿದಳು. ಮೂರು ವರ್ಷದ ಹಿಂದೆ ಆ ಮನೆ ಮೂಕವಾಗಿದ್ದಾಗಿನ ಹದಿನಾಲ್ಕು ತಿಂಗಳನ್ನು ಅವಳು ಇನ್ನೊಮ್ಮೆ ಬದುಕಲಾರಳಾಗಿದ್ದಳು. ಅವಳು ಕಾದುಕೊಂಡದ್ದು ಅವನ ಮಾತು ಕೇಳುವ ತನ್ನ ಕಿವಿಯನ್ನು.

ಬ್ಯಾಟರಿ ಎಷ್ಟು ಉಳಿದಿದೆ ಎಂದು ಅವನು ಕೇಳಿದ. ಸುಮಾರು ಮೂವತ್ತಾರು ತಾಸು ಎಂದಳು. ನಾಲ್ಕು ಜೋಡಿಯಲ್ಲಿ ಮೂರು ಜೋಡಿ ಬಿಚ್ಚಿ ಆ ಹುಡುಗಿಗೆ ಒಯ್ಯಿ ಎಂದ. ಅವಳು ಅರ್ಧ ಒಯ್ಯುತ್ತೇನೆ, ಎರಡು ಮನೆಗೂ ಸರಿ ಪಾಲು ಎಂದಳು. ಬಂಗಾರವ್ವನೂ ಬಾಗಿಲಲ್ಲಿ ನಿಂತು ಅದನ್ನೇ ಹೇಳಿದಳು.

"ನಾ ಐವತ್ತೆರಡು ವರ್ಷ ಬಾಯಿಲೇ ಮಾತಾಡೀನಿ. ಊರೆಲ್ಲಾ ಕೇಳೇತಿ," ಎಂದ ಗುರುಪಾದಪ್ಪ. "ಆಕಿ ಮಾತಾಡಿದ್ದು ಆರು ವರ್ಷ. ಅದರಾಗ ಸರಿ ಪಾಲು ಹೆಂಗ ಆಗತೈತಿ?"

ಮೂರು ಜೋಡಿ ಬ್ಯಾಟರಿ ಬಹಳ ಭಾರ. ವೆಲ್ಡಿಂಗ್ ಅಂಗಡಿಯವನು ತನ್ನ ತಳ್ಳುಗಾಡಿ ತಂದು, ಕಾರಣ ಕೇಳದೆ, ಕುಂಬಾರ ಓಣಿಯ ತನಕ ಬಂದ. ಮೌಲಾಸಾಬನ ಮನೆಯಲ್ಲಿ ಅಂಗಡಿ, ಅಡಿಗೆ, ಮಲಗುವುದು ಎಲ್ಲ ಒಂದೇ ಉದ್ದ ಕೋಣೆ. ಬಟ್ಟೆಯ ಸುರುಳಿಗಳ ಸಾಲಿನ ಕೊನೆಗೆ ಮಂಚ, ಮಂಚದ ತಲೆಯ ಹತ್ತಿರ ಗೋಡೆಗೆ ಪೆಟ್ಟಿಗೆ. ಅದರ ಹಸಿರು ದೀಪ ಹಳದಿಗೆ ತಿರುಗಿತ್ತು. ದಾಕ್ಷಾಯಣಿ ನೆಲದ ಮೇಲೆ ಕೂತು ತಾನೇ ಬ್ಯಾಟರಿಗಳನ್ನು ಜೋಡಿಸಿದಳು. ಅರ್ಥಿಂಗ್ ನೋಡಿದಳು, ಇದ್ದೂ ಇಲ್ಲದಂತಿತ್ತು. ಅದನ್ನೂ ಸರಿಮಾಡಿದಳು. ದೀಪ ಹಸಿರಾಯಿತು.

ಆಮೇಲೆ ಮೌಲಾಸಾಬನನ್ನು ಹೊರಗೆ ಕರೆದು ನಡೆದದ್ದನ್ನು ಹೇಳಿದಳು. ಅವನು ಗೋಡೆಗೆ ಒರಗಿ ಕೇಳಿದ. ಅವನ ಕೈ ತೋಳಿಗಂಟಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಕೀಳುತ್ತಿತ್ತು.

"ಮಗಳಿಗೆ ನೀವ ಹೇಳ್ರಿ," ಎಂದ ಕೊನೆಗೆ. "ಅದು ನಾ ಹೇಳೂ ಮಾತಲ್ಲ."

ಅವಳು ಒಳಗೆ ಹೋಗಿ ಮಂಚದ ಹತ್ತಿರ ಕೂತು ಹೇಳಿದಳು. ತಸ್ಲೀಮಾಳ ತಲೆ ಒಂದು ಕಡೆ ವಾಲಿತ್ತು, ಕಣ್ಣು ಮಾತ್ರ ಇವಳ ಮುಖ ಬಿಟ್ಟು ಸರಿಯಲಿಲ್ಲ. ಪೆಟ್ಟಿಗೆ ಆ ಹುಡುಗಿಗೆ ಸಣ್ಣ, ಚುರುಕಾದ ದನಿ ಕೊಟ್ಟಿತ್ತು.

"ಯಾವ ಮಾತು ಹೋಗ್ಯಾವು ನನಗ ಇನ್ನೂ ಗೊತ್ತಿಲ್ಲ ಆಂಟಿ," ಎಂದಳು. "ಹುಡುಕಿದಾಗ ಗೊತ್ತಾಗತೈತಿ. ಆವಾಗ ಸಿಟ್ಟು ಬರಬಹುದು. ಈಗ ಇನ್ನೂ ಬಂದಿಲ್ಲ."

ದಾಕ್ಷಾಯಣಿ ಆಗಲಿ ಎಂದು ಎದ್ದಳು. ಕ್ಷಮೆ ಕೇಳಬೇಕೆಂದು ಬಂದವಳು ಕೇಳದೆಯೇ ಹೊರಬಿದ್ದಳು. ಯಾವುದಕ್ಕೆ ಕ್ಷಮೆ ಎಂಬುದೇ ಇನ್ನೂ ಗೊತ್ತಾಗದಿರುವಾಗ ಕೇಳುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಅವತ್ತು ಮಧ್ಯಾಹ್ನದಿಂದಲೇ ಗುರುಪಾದಪ್ಪನ ಖಾನೆಗಳನ್ನು ಮುಚ್ಚಬೇಕಾಯಿತು. ಯಾವ ಮಾತು ಬೇಕು, ಯಾವುದು ಬೇಡ ಎಂದು ಆರಿಸುವಂತಿರಲಿಲ್ಲ. ಮಾತುಗಳು ತಾವಾಗಿಯೇ ಎಲ್ಲೆಲ್ಲೋ ಹೋಗಿ ನೆಲೆಸಿದ್ದವು. ಒಂದು ಖಾನೆಯಲ್ಲಿ ಮಳೆಗಳ ಹೆಸರಿನ ಜೊತೆಗೆ ಹಲ್ಲುನೋವು ಇತ್ತು. ಇನ್ನೊಂದರಲ್ಲಿ ಮಾರುಕಟ್ಟೆಯ ಬೈಗುಳಗಳ ಮಧ್ಯೆ ಅವನ ತಾಯಿಯ ಹೆಸರು. ಉಳಿಸಿದರೆ ಇಡೀ ಖಾನೆ ಉಳಿಸಬೇಕು, ಬಿಟ್ಟರೆ ಇಡೀ ಖಾನೆ ಬಿಡಬೇಕು.

ದಾಕ್ಷಾಯಣಿ ಪರದೆಯ ಮೇಲೆ ಒಂದೊಂದು ಖಾನೆಯ ಪಟ್ಟಿ ತೆರೆದು ಓದಿ ಹೇಳುತ್ತಿದ್ದಳು. ಅವನು ಕೇಳಿ, ಸ್ವಲ್ಪ ಹೊತ್ತು ಬಿಟ್ಟು, ಇರಲಿ ಎಂದೋ ಹೋಗಲಿ ಎಂದೋ ಅನ್ನುತ್ತಿದ್ದ. ಸಂಖ್ಯೆಗಳೆಲ್ಲ ಇದ್ದ ಖಾನೆ ಬಂದಾಗ ತಾನು ಕೂಗಿದ ಒಂದು ಹಳೆಯ ಸವಾಲನ್ನು ಒಮ್ಮೆ ಪೂರ್ತಿ ಕೂಗಿದ, ದರ ಏರುತ್ತ ಏರುತ್ತ. ಬಂಗಾರವ್ವ ಅಡಿಗೆಮನೆಯಿಂದ ಬಂದು ಸೆರಗು ಬಾಯಿಗಿಟ್ಟುಕೊಂಡು ನಿಂತಳು. ಕೂಗಿ ಮುಗಿದ ಮೇಲೆ ಹೋಗಲಿ ಎಂದ. ಹದಿನಾರು ಎಂಟಾಯಿತು. ರವಿವಾರ ಹಗಲಿಗೆ ಎಂಟು ನಾಲ್ಕಾಯಿತು. ವಾಕ್ಯಗಳು ಮುರಿಯತೊಡಗಿದವು. ಹೇಳಬೇಕೆಂದದ್ದು ಬಾರದೆ ಅವನು ಸುತ್ತಿ ಬಳಸಿ ಬೇರೆ ಮಾತಿನಿಂದ ಹೇಳುವುದನ್ನು ಅಷ್ಟರಲ್ಲೇ ಕಲಿತಿದ್ದ.

ಸೋಮವಾರ ಮುಂಜಾನೆ ಎರಡು ಉಳಿದವು. ತಂಪು ದ್ರವದ ಪಂಪಿಗೇ ಬೇಕಾದಷ್ಟು ಕರೆಂಟು ಲೆಕ್ಕ ಹಾಕಿದರೆ ಒಂದನ್ನು ಬಿಡಲೇಬೇಕಿತ್ತು. ಮೂರನೆಯ ಖಾನೆಯಲ್ಲಿ ನೋವು, ನೀರು, ಉಸಿರು, ಹೊರಳಿಸು, ಬ್ಯಾಡ ಇಂಥವು ಇದ್ದವು. ಏಳನೆಯದರಲ್ಲಿ ಬೆಲ್ಲ, ತೂಕ, ಬುಧವಾರ, ಅಂಗಿಗುಂಡಿ, ಮತ್ತು ಅವಳ ಹೆಸರು.

ಅವಳು ಏಳನೆಯದನ್ನೂ ಓದಿದಳು. ಹೆಸರು ಬಂದಾಗ ತಡೆಯದೆ ಉಳಿದ ಮಾತುಗಳ ಹಾಗೆಯೇ ಓದಿದಳು. ಡಾಕ್ಟರರಿಗೆ ನೋವು ಎಲ್ಲಿ ಎಂದು ಹೇಳಲಾಗದೆ ಅವನು ಅನುಭವಿಸಿದ್ದ ರಾತ್ರಿಗಳನ್ನು ಅವಳು ಕಂಡಿದ್ದಳು. ಯಾವುದು ಉಳಿಯಬೇಕು ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಅವಳ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

"ದಾಕ್ಷಾ," ಎಂದ ಗುರುಪಾದಪ್ಪ. "ಒತ್ತು."

ಒತ್ತಿದಳು.

ಸೋಮವಾರ ಸಂಜೆ ಮಟ್ಟಿಯ ಮೇಲೆ ಗಾಳಿ ಎದ್ದಿತು. ಲೈನಿಗೆ ಒಂದೊಂದು ತಾಸಿನಂತೆ ಪಾಳಿ ಮತ್ತೆ ಶುರುವಾಯಿತು. ದಾಕ್ಷಾಯಣಿ ಪ್ರತಿ ಸ್ವಿಚ್ಚನ್ನೂ ಗಡಿಯಾರ ನೋಡಿ ಹಾಕಿದಳು, ನೋಡಿ ತೆಗೆದಳು. ಬುಧವಾರ ಮಧ್ಯಾಹ್ನ ರಾಜ್ಯದ ಗ್ರಿಡ್ಡು ಬಂತು. ಊರಿನಲ್ಲಿ ಜನ ಪಟಾಕಿ ಹೊಡೆದರು. ಅವಳು ಲಾಗ್ ಪುಸ್ತಕ ತೆರೆದು, ಗುರುವಾರ, ಶುಕ್ರವಾರಗಳ ಪುಟದಲ್ಲಿ ತಾನು ಬರೆದದ್ದರ ಕೆಳಗೆ, ಇದು ಸುಳ್ಳು, ನನ್ನ ಮನೆಯ ಲೈನಿಗೆ ಹೆಚ್ಚು ಹೊತ್ತು ಕರೆಂಟು ಕೊಡಲು ನಾನೇ ತಡ ಮಾಡಿದೆ ಎಂದು ಬರೆದು ಸಹಿ ಹಾಕಿದಳು. ಯಲ್ಲನಗೌಡ ಬೇಡವೆಂದ. ಯಾರೂ ಕೇಳುವುದಿಲ್ಲ, ಗಂಡಾಂತರದ ದಿನಗಳು ಎಂದ. ಅವಳು ಪುಸ್ತಕವನ್ನು ಅವನ ಕೈಗೆ ಕೊಟ್ಟು, ಮೇಲಿನವರಿಗೆ ತೋರಿಸಲು ಹೇಳಿ ಹೊರಬಂದಳು.

ವಿಚಾರಣೆ ನಡೆಯಿತು. ಅವಳನ್ನು ಕಂಟ್ರೋಲ್ ರೂಮಿನಿಂದ ತೆಗೆದು ಸಾಮಾನು ಉಗ್ರಾಣಕ್ಕೆ ಹಾಕಿದರು. ತಂತಿಯ ಸುರುಳಿ, ಲೈಟುಕಂಬದ ಪಿಂಗಾಣಿ ಬಟ್ಟಲುಗಳನ್ನು ಎಣಿಸುವ ಕೆಲಸ. ಸಂಜೆ ಐದೂವರೆಗೆ ಮನೆಗೆ ಬಂದುಬಿಡಬಹುದಿತ್ತು.

ಗುರುಪಾದಪ್ಪನ ಹತ್ತಿರ ಉಳಿದದ್ದು ನೂರ ಎಂಬತ್ತು ಮಾತು. ಖಾಲಿಯಾದ ಖಾನೆಗಳನ್ನು ಮತ್ತೆ ತುಂಬಲು ವರ್ಷವಾದರೂ ಬೇಕು ಎಂದು ಡಾಕ್ಟರರು ಹೇಳಿದರು. ಒಂದೊಂದು ಮಾತನ್ನೂ ಅವನು ಮನಸ್ಸಿನಲ್ಲಿ ನೂರಾರು ಸಲ ಹೇಳಿಕೊಳ್ಳಬೇಕು. ದಾಕ್ಷಾಯಣಿ ದಿನಾ ಸಂಜೆ ಪಕ್ಕದಲ್ಲಿ ಕೂತು ಆ ದಿನದ ಮಾತನ್ನು ಓದಿಕೊಡುತ್ತಿದ್ದಳು. ಮೊದಲ ಎರಡು ವಾರದಲ್ಲಿ ನಾಲ್ಕು ಮಾತು ಬಂದವು, ಅದರಲ್ಲಿ ಒಂದು ತಪ್ಪಾಗಿ ಬಂತು. ಮುಂಚಿನ ಹಾಗೆ ಅವನು ಊರಿನ ಸುದ್ದಿ ಕೇಳುತ್ತಿರಲಿಲ್ಲ, ತಮಾಷೆ ಮಾಡುತ್ತಿರಲಿಲ್ಲ. ಹೆಚ್ಚು ಹೊತ್ತು ಕಿಟಕಿಯ ಕಡೆ ಮುಖ ಮಾಡಿ ಇರುತ್ತಿದ್ದ. ಇದೇ ಆಗಬಹುದೆಂದು ಹೆದರಿಯೇ ತಾನು ಆ ಐವತ್ತು ನಿಮಿಷ ಕದ್ದದ್ದು ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

ತಸ್ಲೀಮಾ ಫೋನು ಮಾಡಿದ್ದು ಒಂದು ರವಿವಾರ ಹಗಲು. ಪೆಟ್ಟಿಗೆಗಳು ಕದಲುವಂತಿರಲಿಲ್ಲ, ಆದರೆ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಫೋನು ಹೋಗುತ್ತಿತ್ತು. ಗಾಳಿ ನಿಂತ ದಿನಗಳಲ್ಲಿ ಇನ್ನೂ ನಾಲ್ಕು ಮುಚ್ಚಿ ಅವಳಿಗೆ ಎಂಟು ಖಾನೆ ಉಳಿದಿದ್ದವು. ಬಾಗಿಲ ಹತ್ತಿರ ಕೂತು ಅಕ್ಕಿ ಆರಿಸುತ್ತಿದ್ದ ದಾಕ್ಷಾಯಣಿಗೆ ಎಲ್ಲ ಕೇಳುತ್ತಿತ್ತು.

ಹುಡುಗಿ ಸಿಟ್ಟಿನಲ್ಲಿದ್ದಳು. ಹೋದ ಮಾತು ಯಾವುವು ಎಂದು ಗೊತ್ತಾಗಿತ್ತು. ಬಣ್ಣಗಳ ಹೆಸರೆಲ್ಲ ಹೋಗಿದ್ದವು. ಗುರುವಾರ ಗಾಬರಿಯಲ್ಲಿ ಮುಚ್ಚಿದ ನಾಲ್ಕು ಖಾನೆಗಳಲ್ಲೇ ಅವು ಇದ್ದವು. ಗಾದಿಗೆ ಯಾವ ಬಟ್ಟೆ, ಯಾವ ಅಂಚು, ಯಾವ ದಾರ ಎಂದು ಗಿರಾಕಿಗಳಿಗೆ ಆರಿಸಿಕೊಡುತ್ತಿದ್ದವಳು ಅವ್ವ ಸತ್ತ ಮೇಲೆ ಅವಳೇ. ತಲೆಯಲ್ಲಿ ಬಣ್ಣ ಇದೆ, ಬಾಯಿಗೆ ಬರುವುದಿಲ್ಲ, ನಿನ್ನೆ ಮದುವೆಮನೆಯವರು ಕಾದು ಕಾದು ಬೇರೆ ಅಂಗಡಿಗೆ ಹೋದರು ಎಂದಳು. ಆಂಟಿಗೆ ಇದನ್ನು ಹೇಳಬೇಕು ಎಂದಳು. ಆಂಟಿ ಕೇಳುತ್ತಿದ್ದಾರೋ ಇಲ್ಲವೋ ತನಗೆ ಗೊತ್ತಿಲ್ಲ, ಆದರೂ ಹೇಳಬೇಕು ಎಂದಳು.

ದಾಕ್ಷಾಯಣಿಯ ಕೈ ಅಕ್ಕಿಯ ಮೊರದಲ್ಲಿ ನಿಂತಿತು. ಗುರುಪಾದಪ್ಪನ ಕಣ್ಣು ಅವಳ ಕಡೆ ಒಮ್ಮೆ ತಿರುಗಿ, ಮತ್ತೆ ಪೆಟ್ಟಿಗೆಯತ್ತ ಹೋಯಿತು. ಹುಡುಗಿಯನ್ನು ಸಮಾಧಾನ ಮಾಡುವ ಒಂದು ಮಾತೂ ಅವನ ಹತ್ತಿರ ಉಳಿದಿರಲಿಲ್ಲ.

"ಮತ್ತ?" ಎಂದ.

ತಸ್ಲೀಮಾ, ಇವತ್ತು ಮುಂಜಾನೆ ಅಪ್ಪ ಒಂದು ಹೊಸ ಬಟ್ಟೆಯ ಸುರುಳಿ ತಂದ ಎಂದಳು. ಅದು ಹೇಗಿದೆ ಎಂದು ಹೇಳಲು ಹವಣಿಸಿದಳು. ಕಲ್ಲಂಗಡಿ ಕೊಯ್ದಾಗ ನಡುವೆ ಇರುತ್ತದಲ್ಲ, ಹಾಗೆ. ಅಲ್ಲ, ಅಷ್ಟು ಗಾಢವಲ್ಲ. ಹಸುಗೂಸಿನ ಅಂಗಾಲು ಇರುತ್ತದಲ್ಲ, ಅದಕ್ಕಿಂತ ಸ್ವಲ್ಪ ಮೇಲೆ.

"ಮತ್ತ?"

ಅಂಚು ಬೇರೆ. ಅಂಚು ಹೇಗೆಂದರೆ, ಬಾವಿ ಇಣುಕಿದಾಗ ಕೆಳಗೆ ನೀರು ಇದೆಯೋ ಇಲ್ಲವೋ ಅನ್ನಿಸುತ್ತದಲ್ಲ, ಹಾಗೆ.

"ಮತ್ತ?"

ಹುಡುಗಿಯ ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಮಾತು ಓಡತೊಡಗಿತ್ತು. ದಾಕ್ಷಾಯಣಿ ಮೊರವನ್ನು ಬದಿಗಿಟ್ಟು ಎದ್ದಳು. ಕೋಣೆಯೊಳಗೆ ಹೋಗಿ, ಪೆಟ್ಟಿಗೆಯ ಹತ್ತಿರ ಬಾಗಿ, ತಾನು ಇಲ್ಲೇ ಇದ್ದೇನೆ, ಕೇಳುತ್ತಿದ್ದೇನೆ ಎಂದು ತಸ್ಲೀಮಾಗೆ ಹೇಳಿದಳು. ಹೇಳಿ ಗಂಡನ ಕಾಲ ಹತ್ತಿರ ನೆಲದ ಮೇಲೆ ಕೂತಳು. ಹುಡುಗಿ, ಹೋದ ಬಣ್ಣಗಳಿಂದ ಹಿಡಿದು, ಮತ್ತೆ ಮೊದಲಿನಿಂದ ಶುರುಮಾಡಿದಳು.